ಮರಳು ತೊಟ್ಟಿಗೆ ಅಮ್ಮ ಬಂದದ್ದು

ಎರಡು ವರ್ಷ ನಾನು ಅಮ್ಮನಿಗೆ ಸುಳ್ಳು ಹೇಳಿಕೊಂಡು ಬಂದೆ. ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ ಎಂದಿದ್ದೆ. ನಿಜವಾಗಿ ನಾನಿದ್ದದ್ದು ನಂಜನಗೂಡಿನ ಹೊರಗೆ, ಊರಿನ ಕಕ್ಕಸು, ಬಚ್ಚಲಿನ ನೀರನ್ನೆಲ್ಲ ಶುದ್ಧ ಮಾಡುವ ಘಟಕದಲ್ಲಿ. ನಮ್ಮದು ಮಡಿ ಮೈಲಿಗೆಯ ಮನೆ, ಅಪ್ಪ ಅರ್ಚಕರಾಗಿದ್ದವರು. ವಿಷಯ ತಿಳಿದರೆ ಅಮ್ಮ ಮತ್ತೆ ತನ್ನ ಕೈಯಾರೆ ನನಗೆ ಬಡಿಸುವುದಿಲ್ಲ ಎಂದು ಹೆದರಿದ್ದೆ. ಮೀಸೆ ನರೆಯುತ್ತಿರುವ ಗಂಡಸಿಗೆ ಇದೂ ಒಂದು ಹೆದರಿಕೆಯೇ ಎಂದು ನಗಬೇಡಿ, ನಮ್ಮಮ್ಮನನ್ನು ನೀವು ಕಂಡಿಲ್ಲ.

ದಿನಾ ಕೆಲಸ ಮುಗಿಸಿ ಕಪಿಲೆಯಲ್ಲಿ ಮುಳುಗಿ, ಬೇರೆ ಬಟ್ಟೆ ತೊಟ್ಟು ಮನೆಗೆ ಹೋಗುತ್ತಿದ್ದೆ. ನನ್ನ ಒದ್ದೆ ತಲೆ ನೋಡಿ ಅಮ್ಮ, ಮಗನಿಗೆ ಈಗಲಾದರೂ ದೈವಭಕ್ತಿ ಬಂತು ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಾಚಿಕೆಯಾಗುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

ನನ್ನ ಪಾಲಿಗಿದ್ದದ್ದು ಮರಳು ತೊಟ್ಟಿ. ರಸ್ತೆಯ ಮಣ್ಣು, ಬಾಗಿಲ ಮುಂದಿನ ರಂಗೋಲಿ ಪುಡಿ, ಮನೆ ಕಟ್ಟುವವರ ಮರಳು, ಎಲ್ಲವೂ ಚರಂಡಿ ಸೇರಿ ನಮ್ಮಲ್ಲಿಗೇ ಬರುತ್ತವೆ. ಅದನ್ನು ಮೊದಲೇ ತೆಗೆಯದಿದ್ದರೆ ಪಂಪಿನ ಚಕ್ರ ಸವೆದುಹೋಗುತ್ತದೆ. ಉಪಾಯ ಸುಲಭ, ಹದ ಕಷ್ಟ. ನೀರು ಜೋರಾಗಿ ಹರಿದರೆ ಮರಳು ನಿಲ್ಲುವುದಿಲ್ಲ. ತೀರಾ ನಿಧಾನವಾದರೆ ಅದರ ಜೊತೆ ಹೊಲಸೂ ತಳದಲ್ಲಿ ಕೂರುತ್ತದೆ. ಭಾರದ ಮರಳು ಮಾತ್ರ ಮುಳುಗಿ, ಹಗುರವಾದ ಹೊಲಸು ಮುಂದಿನ ತೊಟ್ಟಿಗೆ ಹೋಗುವಂತೆ ಗೇಟು ಏರಿಸಿ ಇಳಿಸಿ ನೋಡಿಕೊಳ್ಳಬೇಕು. ಆಮೇಲೆ ಮರಳನ್ನು ಮೇಲೆತ್ತಿ, ತೊಳೆದು ಗುಡ್ಡೆ ಹಾಕುತ್ತೇವೆ.

ಮುಂಗಾರಿನ ಮೊದಲ ಮಳೆ ಬಿದ್ದ ದಿನ ರಾಶಿ ಮರಳು ನುಗ್ಗಿ ತೊಟ್ಟಿ ಕಟ್ಟಿಕೊಂಡಿತು. ನಾನು ಹೊಳೆಯಲ್ಲಿದ್ದೆ, ಫೋನು ದಡದ ಮೇಲಿನ ಚೀಲದಲ್ಲಿತ್ತು. ನನ್ನ ಜೊತೆ ಕೆಲಸ ಮಾಡುವ, ಹದಿನಾರು ಎಂಬ ಊರಿನವನು ಫೋನು ಮಾಡಿ ಮಾಡಿ ಸಾಕಾಗಿ, ಸೀದಾ ನಮ್ಮ ಮನೆಗೆ ಹೋಗಿಬಿಟ್ಟ.

"ಅವ್ವಾ, ಮಳ್ಳು ಕಟ್ಕಂಡು ಊರ್ ಕಕ್ಕಸ್ ನೀರೆಲ್ಲ ಉಕ್ತಾ ಅದೆ. ಸಾ ಬರ್ನೇಬೇಕು."

ಅವನದೇನೂ ತಪ್ಪಿಲ್ಲ. ಹೊಳೆಯಿಂದೆದ್ದು ಫೋನು ನೋಡಿ ನಾನು ಓಡಿಹೋಗಿ, ಇಬ್ಬರೂ ಸೇರಿ ತೊಟ್ಟಿ ಬಿಡಿಸಿ ಮನೆಗೆ ಬಂದಾಗ ಅಮ್ಮ ತಟ್ಟೆಗೆ ಅನ್ನ ಹಾಕಿ ಮುಚ್ಚಿಟ್ಟು ದೇವರ ಮನೆ ಸೇರಿದ್ದಳು. ಹೆದರಿದ್ದೇ ಆಯಿತಲ್ಲ ಎಂದು ಒಬ್ಬನೇ ಕೂತು ತಣ್ಣಗಿನ ಅನ್ನ ತಿಂದೆ.

ಮರುದಿನ ಮಧ್ಯಾಹ್ನ ಘಟಕದ ಗೇಟಿನ ಮುಂದೆ ಆಟೋದಿಂದ ಅಮ್ಮ ಇಳಿದಳು, ಕೈಯಲ್ಲಿ ಬಟ್ಟೆಯ ಚೀಲ. ನೀನು ಮಾಡುವ ಕೆಲಸ ತೋರಿಸು ಎಂದಳು. ತೊದಲುತ್ತಲೇ ಎಲ್ಲ ತೋರಿಸಿದೆ. ಅಕ್ಕಿಯಲ್ಲಿ ಕಲ್ಲು ಜಾಲಿಸಿದ ಹಾಗೆ ಅನ್ನು, ಅದಕ್ಕೆ ಇಷ್ಟು ದೊಡ್ಡ ತೊಟ್ಟಿಯೇ ಎಂದಳು. ಆಮೇಲೆ ನಾನು ಬೇಡ ಬೇಡ ಎನ್ನುತ್ತಿರುವಾಗಲೇ ಬಗ್ಗಿ, ಗುಡ್ಡೆಯಿಂದ ಒಂದು ಚಿಟಿಕೆ ಮರಳು ತೆಗೆದು ಮೂಸಿದಳು.

"ಇನ್ನೂ ವಾಸನೆ ಇದೆ ಕಣೋ. ಸರಿಯಾಗಿ ತೊಳೆದಿಲ್ಲ ನೀನು."

ಮಾತು ಸುಳ್ಳಲ್ಲ. ಹಿಂದಿನ ದಿನದ ಗಡಿಬಿಡಿಯಲ್ಲಿ ಮರಳಿನ ಜೊತೆ ಹೊಲಸೂ ಬಂದಿತ್ತು. ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಹೊಳೆಗೆ, ಅಲ್ಲಿಂದ ಕೆಳಗೆ ನರಸೀಪುರದ ಕಡೆಗೆ ಎಂದೆ.

"ನರಸೀಪುರದಲ್ಲಿ ನಮ್ಮಕ್ಕ ದಿನಾ ಬೆಳಿಗ್ಗೆ ಸಂಗಮದಲ್ಲಿ ಮುಳುಗ್ತಾಳೆ. ಅದನ್ನ ನೆನಪಿಟ್ಕೊಂಡು ಕೆಲಸ ಮಾಡು."

ಸುಳ್ಳು ಹೇಳಿದ್ದಕ್ಕೆ ಬೈಗುಳ ಆಮೇಲೆ ಬಂತು, ಸಾಕಷ್ಟು ಬಂತು. ಬೈಯುತ್ತಲೇ ನಲ್ಲಿಯಲ್ಲಿ ಕೈ ತೊಳೆದು, ಬೇವಿನ ಮರದ ಕೆಳಗೆ ಕೂತು ಡಬ್ಬಿ ತೆರೆದು ಮೊಸರನ್ನ ಕಲೆಸಿದಳು. ಕೈ ಒಡ್ಡು ಎಂದಳು. ತುತ್ತು ನನ್ನ ಅಂಗೈಗೆ ಬಿದ್ದಾಗ ಅವಳ ಬೆರಳು ತಾಗಿತು. ಎರಡು ವರ್ಷದ ಭಾರ ಇಳಿದು ನನಗೆ ಅಳುವೇ ಬಂತು. ಹದಿನಾರು ಊರಿನವನು ಸಂಕೋಚದಿಂದ ದೂರ ನಿಂತಿದ್ದ. ಅಮ್ಮ ಎರಡನೆಯ ತುತ್ತು ಹಿಡಿದು ಅವನ ಕಡೆ ನೋಡಿದಳು.

"ನೀನೂ ಬಾಪ್ಪ, ಕೈ ಒಡ್ಡು."