ಪಾಂಡವರ ಮನೆ ಮುಂದೆ ಕೂಗದ ಹೆಸರು

ಕೆಂಗೇರಿಗೆ ಮೆಟ್ರೊ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಉಪನಗರದ ನಮ್ಮ ಮನೆಯಿಂದ ಅಜ್ಜಿಯ ಊರಿಗೆ ನಡೆದೇ ಹೋಗಬಹುದಾಗಿದ್ದ ಕಾಲ ಅದು. ಬೇಸಿಗೆ ರಜೆ ಶುರುವಾದ ಮಾರನೇ ದಿನವೇ ಅಪ್ಪ ನನ್ನನ್ನೂ ತಂಗಿ ಸುಮಾಳನ್ನೂ ಅಲ್ಲಿ ಬಿಟ್ಟು ಆಫೀಸಿಗೆ ಹೋಗಿಬಿಡುತ್ತಿದ್ದರು. ನನಗೆ ಹನ್ನೊಂದು ವರ್ಷ, ಸುಮಾಗೆ ಏಳು. ಅಲ್ಲಿ ನಮ್ಮ ಜೊತೆಗೆ ದೊಡ್ಡಪ್ಪನ ಮಗ ಮಂಜು, ಹದಿಮೂರರವನು.

ತಿಂಡಿ ತಿಂದ ಮೇಲೆ ಕೆರೆ ಸುತ್ತಲು ಹೊರಡುತ್ತಿದ್ದೆವು. ಏರಿಯ ಮೇಲೆ ನಡೆದು, ನೀರು ಹಿಂದೆ ಸರಿದು ಬಿರುಕು ಬಿಟ್ಟ ಮಣ್ಣಿನಂಚು ಹಿಡಿದು, ಆಚೆ ದಡದ ದಿಬ್ಬ ಹತ್ತಿ, ಅಲ್ಲಿಂದ ಬಳಸಿಕೊಂಡು ಬಂದರೆ ಊಟದ ಹೊತ್ತಿಗೆ ಮನೆ. ದಾರಿಯುದ್ದಕ್ಕೂ ಹೊಂಗೆ ಹೂವಿನ ವಾಸನೆ, ಎಮ್ಮೆಗಳು ಕಲಕಿದ ಕೆಸರಿನ ವಾಸನೆ. ಕೈಯಲ್ಲಿ ಚಿಗಳಿ. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಉಂಡೆ ಕಟ್ಟಿ ಅಜ್ಜಿ ಅದನ್ನು ಕಡ್ಡಿಗೆ ಚುಚ್ಚಿಕೊಡುತ್ತಿದ್ದರು.

ಆ ದಿಬ್ಬದ ಮೇಲೆ ಪಾಂಡವರ ಮನೆಗಳಿದ್ದವು. ನಾಲ್ಕು ಚಪ್ಪಡಿ ನೆಟ್ಟು ಮೇಲೊಂದು ಹೊದಿಸಿದ ಕಲ್ಲುಮನೆಗಳು. ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡನೆಯ ತೂತು, ಸುತ್ತ ಗುಂಡುಕಲ್ಲುಗಳ ಸಾಲು. ಸಾವಿರಾರು ವರ್ಷ ಹಿಂದಿನ ಜನ ತಮ್ಮ ಸತ್ತವರಿಗೆ ಕಟ್ಟಿದ ಸಮಾಧಿಗಳು ಎಂದು ಓದಿದ್ದು ಬಹಳ ಆಮೇಲೆ. ಆಗ ಗೊತ್ತಿದ್ದದ್ದು ಅಜ್ಜಿ ಹೇಳಿದ ಎರಡು ಮಾತು. ಅಲ್ಲಿ ಯಾರ ಹೆಸರನ್ನೂ ಕೂಗಬಾರದು. ಒಳಗಿರುವವರು ಆ ಹೆಸರು ಕಲಿತು ಆಮೇಲೆ ತಾವೇ ಕರೆಯುತ್ತಾರೆ. ಹೆಸರು ಗೊತ್ತಿಲ್ಲದಿದ್ದರೆ ಅವರು ಬರೀ ‘ಏ’ ಎನ್ನುತ್ತಾರೆ, ಅದಕ್ಕೆ ಓಗೊಡಬಾರದು. ದನ ಮೇಯಿಸುವ ದೊಡ್ಡವರೂ ಅಲ್ಲಿ ಬಾಯಿ ಮುಚ್ಚಿಕೊಂಡೇ ಓಡಾಡುತ್ತಿದ್ದರು.

ನಡೆದದ್ದನ್ನು ನಾನು ಹಲವು ಸಲ ಹಲವರಿಗೆ ಹೇಳಿದ್ದೇನೆ, ಹೇಳುವಾಗ ಅಷ್ಟಿಷ್ಟು ಸೇರಿಸಿದ್ದೂ ಇದೆ. ಇಲ್ಲಿ ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಅವತ್ತು ದಿಬ್ಬ ಹತ್ತುವಷ್ಟರಲ್ಲಿ ಸುಮಾ ಕಾಲು ನೋವು, ಮನೆಗೆ ಹೋಗೋಣ ಎಂದು ರಾಗ ತೆಗೆದಿದ್ದಳು. ನಿಜಕ್ಕೂ ಅವಳಿಗೆ ಆ ಕಲ್ಲುಗಳ ಭಯ.

“ಹೆದರುಪುಕ್ಲಿ, ನಿನ್ನ ಯಾರು ಬಾ ಅಂದಿದ್ರು?” ಎಂದ ಮಂಜು.

ನಾನು ನಕ್ಕೆ. ಇಲ್ಲೇ ಕೂತಿರು ಎಂದು ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ಹುಣಸೆ ಚಿಗುರು ಕೀಳಲು ನಾವಿಬ್ಬರೂ ಮರದತ್ತ ಹೋದೆವು. ಹೆಚ್ಚೆಂದರೆ ಹತ್ತು ನಿಮಿಷ. ಬಂದು ನೋಡಿದರೆ ಕಲ್ಲಿನ ಮೇಲೆ ಅರ್ಧ ಚೀಪಿದ ಚಿಗಳಿ ಇತ್ತು. ಅದಕ್ಕೆ ಇರುವೆ ಹತ್ತಿದ್ದವು. ಸುಮಾ ಇರಲಿಲ್ಲ.

ಮಂಜು ಕೆರೆಯ ಕಡೆ ಇಳಿದ. ಕೆಸರಿನಲ್ಲಿ ನೀರಿನತ್ತ ಹೋದ ಒಂದು ಸಣ್ಣ ಹೆಜ್ಜೆ ಕಂಡಿತು. ನಾವು ಬರುವಾಗಿನದೋ, ಆಮೇಲಿನದೋ ಗೊತ್ತಾಗಲಿಲ್ಲ. ಅವನು ಮೇಲೆ ಬಂದಾಗ ತುಟಿ ಒಣಗಿತ್ತು.

“ಕೂಗ್ಲಾ?” ಎಂದೆ.

“ಬೇಡ ಕಣೇ, ಹೆಸರೆತ್ಬೇಡ. ಅಜ್ಜಿನ ಕರ್ಕೊಂಡ್ ಬರ್ತೀನಿ,” ಎಂದವನೇ ಏರಿಯ ಕಡೆ ಓಡಿದ.

ನಾನೊಬ್ಬಳೇ ಉಳಿದೆ. ನೆತ್ತಿಯ ಮೇಲೆ ಬಿಸಿಲು, ಗಾಳಿಯೇ ಇಲ್ಲ. ಮೆಲ್ಲಗೆ “ಏ, ಬಾರೇ” ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿ ಬಾಯಿ ಮುಚ್ಚಿಕೊಂಡೆ. ಒಂದೊಂದೇ ಕಲ್ಲುಮನೆಯ ತೂತಿನಲ್ಲಿ ಇಣುಕಿದೆ. ನಾಲ್ಕರಲ್ಲಿ ಇಣುಕಿದ್ದು ಲೆಕ್ಕವಿದೆ. ಐದನೆಯದರ ತೂತಿಗೆ ಲಂಟಾನ ಪೊದೆ ಅರ್ಧ ಅಡ್ಡ ಬೆಳೆದಿತ್ತು, ಒಳಗಿಂದ ತಣ್ಣನೆ ಗಾಳಿ ಬರುತ್ತಿತ್ತು. ಮುಖ ಹತ್ತಿರ ಒಯ್ಯಲು ಆಗಲಿಲ್ಲ. ಅಲ್ಲಿಂದ ಎರಡು ಹೆಜ್ಜೆ ದೂರದಲ್ಲಿ ನಿಂತೆ. ಅವಳ ಹೆಸರು ಗಂಟಲವರೆಗೆ ಬಂದು ನಿಂತಿತ್ತು. ನೀರಿನಲ್ಲಿ ಮುಳುಗಿದ್ದರೆ ಎಂದು ಒಂದು ಭಯ, ಕೂಗಿ ನಾನೇ ಅವಳನ್ನು ಅವರಿಗೆ ಕೊಟ್ಟುಬಿಟ್ಟರೆ ಎಂದು ಇನ್ನೊಂದು. ನಾನು ಕೂಗಲಿಲ್ಲ. ಅರ್ಧ ಗಂಟೆಯ ಮೇಲೆಯೇ ಆಗಿರಬೇಕು.

ಅಜ್ಜಿ ಬರಿಗಾಲಲ್ಲಿ ಬಂದರು. ಕೈಯೆಲ್ಲ ರಾಗಿ ಹಿಟ್ಟು. ದಿಬ್ಬ ಹತ್ತುವ ಮೊದಲೇ, ಕೆಳಗಿನಿಂದಲೇ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದರು. “ಸುಮಾ... ಎಲ್ಲಿದ್ದೀಯವ್ವ, ಸುಮಾ...”

“ಇಲ್ಲಿದೀನಜ್ಜಿ.”

ದನಿ ಬಂದದ್ದು ಐದನೆಯ ಕಲ್ಲುಮನೆಯಿಂದ.

ಹೆದರುಪುಕ್ಲಿ ಅಲ್ಲ ಎಂದು ತೋರಿಸಲು ತೂತಿನೊಳಗೆ ಕಾಲು ಹಾಕಿದವಳು ಒಳಗೆ ಜಾರಿದ್ದಳು. ಒಳಗಿನ ನೆಲ ಆಳ. ತೂತು ಅವಳ ಕೈಗೆ ಎಟುಕಲಿಲ್ಲ. ಮಂಜು ತಲೆಕೆಳಗಾಗಿ ಸೊಂಟದವರೆಗೆ ಒಳಗಿಳಿದು ಅವಳ ಕೈ ಹಿಡಿದ, ಅಜ್ಜಿಯೂ ನಾನೂ ಅವನ ಕಾಲು ಹಿಡಿದು ಎಳೆದೆವು. ಮಂಡಿ ತರಚಿಕೊಂಡು, ಕೂದಲ ತುಂಬ ಮಣ್ಣು ಮಾಡಿಕೊಂಡು ಸುಮಾ ಹೊರಗೆ ಬಂದಳು. ಒಳಗೆ ಒಂದು ಹಾವಿನ ಪೊರೆ ಇತ್ತಂತೆ. ಅದರ ಪಕ್ಕದಲ್ಲೇ ಕೂತಿದ್ದಳಂತೆ, ಬಾಯಿಗೆ ಲಂಗ ತುರುಕಿಕೊಂಡು.

ಅಜ್ಜಿ ನನ್ನ ಕಡೆ ತಿರುಗಿದರು. “ಇಲ್ಲೇ ನಿಂತು ಒಂದು ಸಲ ಹೆಸರಿಡ್ದು ಕೂಗೋಕೆ ಏನಾಗಿತ್ತೇ ನಿಂಗೆ?”

“ನೀನೇ ಹೇಳಿದ್ಯಲ್ಲಜ್ಜಿ, ಕೂಗ್ಬಾರ್ದು ಅಂತ.”

ಅಜ್ಜಿ ಸೆರಗಿನಿಂದ ಸುಮಾಳ ಮುಖ ಒರೆಸಿದರು, ಆಮೇಲೆ ಅದೇ ಸೆರಗಿನಿಂದ ತಮ್ಮ ಕಣ್ಣು. ಆ ಎರಡು ಮಾತುಗಳನ್ನು ಅವರು ಮತ್ತೆ ಯಾವ ಮಗುವಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ. ಆದರೂ ಆ ಬೇಸಿಗೆಯೆಲ್ಲ ಸುಮಾ ನಿದ್ದೆಯಲ್ಲಿ ಮಗ್ಗುಲಾದರೆ ನಾನು ಎದ್ದು ಕೂರುತ್ತಿದ್ದೆ. ಅವಳ ಹೆಸರು ಈಗ ಆ ಒಳಗಿರುವವರಿಗೆ ಗೊತ್ತಾಗಿದೆಯಲ್ಲ ಎಂದು.

ದಿಬ್ಬ ಈಗಿಲ್ಲ. ಜೆಸಿಬಿ ಬಂದು ಸಮ ಮಾಡಿ ಲೇಔಟ್ ಆಯಿತು. ಚಪ್ಪಡಿಗಳಲ್ಲಿ ಕೆಲವು ಮೋರಿಗೆ ಮುಚ್ಚಳವಾದವು, ಉಳಿದವು ಎಲ್ಲಿ ಹೋದವೋ ತಿಳಿಯದು. ಕೆರೆಯ ಸುತ್ತ ತಂತಿಬೇಲಿ; ಪೂರ್ತಿ ಒಂದು ಸುತ್ತು ಬರಲು ದಾರಿಯಿಲ್ಲ. ಅಜ್ಜಿಯೂ ಇಲ್ಲ. ಇವೆಲ್ಲ ಹೋದದ್ದನ್ನು ಹೇಳಿಕೊಂಡರೆ ಆ ಕಡೆಯ ಹಳಬರು ಯಾರಾದರೂ ಹೌದೆಂದು ತಲೆಯಾಡಿಸುತ್ತಾರೆ.

ಕಳೆದ ವರ್ಷ ಸುಮಾ ಅತ್ತಿಗುಪ್ಪೆಯ ತನ್ನ ಮನೆಯಿಂದ ನಮ್ಮಲ್ಲಿಗೆ ಬಂದಿದ್ದಳು. ಮಕ್ಕಳಿಗೆ ಈ ಕಥೆ ಹೇಳುತ್ತ, ಅವತ್ತು ಸುಮಾ ಎಲ್ಲಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ ಎಂದೆ. ಅವಳು ಬಟಾಣಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಚಪ್ಪಡಿ ಸಂದೀಲಿ ನಿನ್ನ ಚಪ್ಪಲಿ ಕಾಣ್ತಿತ್ತು ಅಕ್ಕ,” ಎಂದಳು. “ನೀನು ಅಲ್ಲೇ ನಿಂತಿದ್ದೆ. ಬರೀ ‘ಏ’ ಅಂದ್ರೆ ಹೆಂಗೆ ಓಗೊಡ್ಲಿ? ಒಂದ್ಸಲ ಹೆಸರು ಹೇಳ್ತೀಯ ಅಂತ ಕಾಯ್ತಾ ಇದ್ದೆ.”

ಅಂದು ದಿಬ್ಬದಿಂದ ಹಿಂದಿರುಗುವಾಗ ಅವಳು ನಡೆದದ್ದು ಅಜ್ಜಿಯ ಪಕ್ಕದಲ್ಲಿ. ಮಾರನೇ ದಿನವೂ ಹಾಗೆಯೇ, ಆಮೇಲೂ ಹಾಗೆಯೇ. ತಂಗಿ ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡಿದ್ದೆ ನಾನು.