ಸಾವುಕಾರ್ತಿಯ ಹೆಬ್ಬೆಟ್ಟು ತವರಿಗೆ ಹೋದ ದಿನ

೧೯೯೯ರಲ್ಲಿ ನಾನು ಆಳಂದದ ಒಂದು ದಾಲ್ ಮಿಲ್ಲಿನಲ್ಲಿ ಹೆಂಗಸರ ಮುಕಾದಮ ಆಗಿದ್ದೆ. ತೊಗರಿಬೇಳೆ ಆರಿಸುವ ನಲವತ್ತು ಹೆಂಗಸರನ್ನು ಒಳಗೆ ಬಿಡುವುದು, ಅವರಿಂದ ಕೆಲಸ ತೆಗೆಯುವುದು ನನ್ನ ಪಾಲಿಗಿತ್ತು. ಮೂರನೇ ಇಯತ್ತೆ ಕಲಿತವಳು. ಆ ಕೆಲಸಕ್ಕೆ ಅಷ್ಟು ಸಾಕಿತ್ತು.

ಆ ವರ್ಷ ಮಿಲ್ಲಿನ ಮಾಲಕರಾದ ಸಾವುಕಾರರು ಹಾಜರಿಯನ್ನು ಕಂಪ್ಯೂಟರಿಗೆ ಏರಿಸಿದರು. ಅದರಲ್ಲಿ ಹೆಸರು ಬೀಳದೆ ಯಾರೂ ಗೇಟು ದಾಟಬಾರದು ಎಂದರು. ಕಂಪ್ಯೂಟರ್ ತೆರೆಯಲು ಮೊದಲು ಪಾಸ್‌ವರ್ಡ್, ಅಂದರೆ ಗುಟ್ಟಿನ ಅಕ್ಷರ, ಇತ್ತು. ಮರೆತೀತೆಂದು ಲೆಕ್ಕ ಬರೆಯುವ ಮುನೀಮ ಅದನ್ನು ಗೋಡೆಯ ಮೇಲೆ ಬರೆದಿಟ್ಟ. ಸಾವುಕಾರರು ಸಿಟ್ಟಿಗೆದ್ದು ಹೈದರಾಬಾದಿನಿಂದ ಬೆರಳು ಗುರುತಿಸುವ ಯಂತ್ರ ತರಿಸಿದರು. ಬೆರಳಿನ ಗೆರೆ ಮೊದಲೇ ಕೂಡಿಸಿಟ್ಟವರು ಅದರ ಗಾಜಿನ ಮೇಲೆ ಬೆರಳೊತ್ತಿದರೆ ಮಾತ್ರ ಕಂಪ್ಯೂಟರ್ ತೆರೆಯುತ್ತಿತ್ತು.

ಮುನೀಮನ ಮೇಲೆ ನಂಬಿಕೆ ಇರಲಿಲ್ಲ, ಅವನ ಬೆರಳು ಕೂಡಿಸಲಿಲ್ಲ. ನನ್ನ ಹೆಬ್ಬೆರಳು ಸುಡುವ ಹಂಚಿನ ಮೇಲೆ ರೊಟ್ಟಿ ತಿರುವಿ ಸವೆದಿತ್ತು, ಯಂತ್ರ ಒಪ್ಪಲಿಲ್ಲ. ಸುಣ್ಣ-ತಂಬಾಕು ತಿಕ್ಕುವ ಸಾವುಕಾರರದೂ ಆಗಲಿಲ್ಲ. ಯಂತ್ರ ಕೂಡಿಸಲು ಬಂದವನು ಬೇರೆ ಬೆರಳು ಇಡಿ ಎಂದ.

"ಹೆಬ್ಬೆಟ್ಟ ಬಿಟ್ಟು ಬ್ಯಾರೆ ಬೆಳ್ಳು ನಡಿತೈತೇನೋ? ಯಾವ ಕಚೇರಿಯಾಗ ಕೇಳ್ತಾರ ಅದನ್ನ?" ಎಂದು ಸಾವುಕಾರರು ಅವನನ್ನೇ ಗದರಿಸಿದರು.

ಕಡೆಗೆ ಅವರ ಹೆಂಡತಿ ಸಾವುಕಾರ್ತಿಯ ಹೆಬ್ಬೆಟ್ಟು ಒಮ್ಮೆಲೇ ಕೂಡಿತು. ಅಂದಿನಿಂದ ದಿನಾ ಬೆಳಿಗ್ಗೆ ಆಕೆ ಬಂದು ಒತ್ತಬೇಕು, ನಾವು ಒಳಗೆ ಹೋಗಬೇಕು.

ಶ್ರಾವಣ ಬಂತು. ಪಂಚಮಿಗೆ ಕರೆಯಲು ಸಾವುಕಾರ್ತಿಯ ಅಣ್ಣ ಬಂದ, ಆಕೆ ತವರೂರು ಕರಜಗಿಗೆ ಹೋದರು. ಕಂಪ್ಯೂಟರಿನ ನೆನಪು ಯಾರಿಗೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ನಲವತ್ತು ಹೆಂಗಸರು ಗೇಟಿನ ಹೊರಗೆ ನಿಂತರು.

"ಯಕ್ಕಾ, ಹಾಲು ಕುಡಿಯೋ ಕೂಸು ಬಿಟ್ಟು ಬಂದೇನಿ. ಒಳಗರ ಬಿಡ್ರಿ, ಇಲ್ಲ ಮನಿಗರ ಕಳಸ್ರಿ," ಎಂದಳು ಮಟಕಿ ಊರಿನ ಕಾಶಿಬಾಯಿ.

ಸಾವುಕಾರರು ಕರಜಗಿಗೆ ಫೋನ್ ಹಚ್ಚಿದರು. ಸಾವುಕಾರ್ತಿಯ ದನಿ ನಮಗೂ ಕೇಳಿಸಿತು.

"ವರ್ಷಕ್ಕೊಮ್ಮಿ ತವರಿಗೆ ಬಂದೇನಿ, ಬರಂಗಿಲ್ಲ! ನಿಮ್ಮ ಡಬ್ಬಿ ಇಲ್ಲಿಗೇ ತರ್ರಿ, ಜೋಕಾಲಿ ಮ್ಯಾಲ ಕುಂತು ಹೆಬ್ಬೆಟ್ಟ ಹಚ್ತೇನಿ!"

ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ.

"ಸಾವುಕಾರ್ರ, ಇವರ ಮಾರಿ ನಿಮಗ ಗೊತ್ತಿಲ್ಲೇನ್ರಿ? ಒಳಗ ಬಿಡ್ರಿ," ಎಂದೆ.

"ಮಾರಿ ನೋಡಿ ಬಿಡೋದಿದ್ರ ಮಷೀನ್ ಯಾಕ ತರತಿದ್ದೆ, ಸಿದ್ದಮ್ಮ?"

ಮಧ್ಯಾಹ್ನದವರೆಗೆ ನಿಲ್ಲಿಸಿ ಎಲ್ಲರನ್ನೂ ಬರಿಗೈಲಿ ಕಳಿಸಿದರು. ಯಂತ್ರದವನು ಮಾರನೇ ದಿನ ಬಂದು ನನ್ನ ನಡುಬೆರಳು ಇಡಿಸಿದ. ಒಂದೇ ಸಲಕ್ಕೆ ತೆರೆಯಿತು. ಹಿಂದಿನ ದಿನದ ಹಾಜರಿ ಹಾಕಿ ಕೂಲಿ ಕೊಡಿ ಎಂದು ಸಾವುಕಾರರ ಜೊತೆ ಜಗಳಾಡಿದೆ. ಕಂಪ್ಯೂಟರಿನಲ್ಲಿ ಇಲ್ಲ ಎಂದರು. ಕಾಶಿಬಾಯಿ ಮತ್ತೆ ಆ ಮಿಲ್ಲಿಗೆ ಬರಲಿಲ್ಲ. ಕೈ ಚುರುಕಿನವಳು, ಹೋದದ್ದು ಮಿಲ್ಲಿಗೇ ನಷ್ಟ.

ಮುಂದೆ ಇನ್ನೆರಡು ಕಡೆ ಮುಕಾದಮಕಿ ಮಾಡಿದೆ. ಕೆಲಸಕ್ಕೆ ಒಪ್ಪುವ ಮೊದಲೇ ಮಾಲಕರನ್ನು ಕೇಳುತ್ತಿದ್ದೆ, ಕಂಪ್ಯೂಟರ್ ತೆರೆಯುವವರು ಹಬ್ಬಕ್ಕೆ ಹೋದರೆ ಯಾರು ತೆರೆಯುತ್ತಾರೆ ಎಂದು. ಮತ್ತೊಂದು ಮಿಲ್ಲಿನ ಮಾಲಕ, ಆಗ ನೋಡೋಣ ಎಂದ. ಅಲ್ಲಿಗೆ ಹೆಂಗಸರನ್ನು ಕರೆದೊಯ್ಯಲಿಲ್ಲ.