ಬೆಳಕಿಂಡಿಯ ತಗಡು

ನಮ್ಮ ಶ್ರೀಪಾದ ಗದಗಿನ ಕಾಲೇಜಿನಲ್ಲಿ ಸಾಯನ್ಸ್ ಓದುತ್ತಿದ್ದಾಗಲೇ ಅವರಪ್ಪ ತೀರಿಕೊಂಡರು. ಸೂತಕ ಕಳೆದ ಮರುದಿನ ಬೆಟಗೇರಿಯ ನಮ್ಮ ಓಣಿಯ ಹಣಮಪ್ಪನ ಗುಡಿಯ ಕೀಲಿಕೈ ಅವನ ಸೊಂಟಕ್ಕೆ ಬಂತು. ಪುಸ್ತಕಗಳು ಅಟ್ಟ ಸೇರಿದವು. ಮನೆಗೆ ಒಬ್ಬನೇ ಗಂಡುಮಗ. ಬಿಟ್ಟು ಹೋಗೆಂದರೆ ಎಲ್ಲಿಗೆ ಹೋದಾನು?

ಬಾಯಿಗೆ ಮಾತ್ರ ಕೀಲಿ ಬೀಳಲಿಲ್ಲ. ಸಂಜೆ ಮಂಗಳಾರತಿ ಮುಗಿಸಿ ಕಟ್ಟೆಗೆ ಬಂದು ಕೂತನೆಂದರೆ ಚುಕ್ಕಿ, ಚಂದ್ರ, ಧೂಮಕೇತು. ಕೇಳುವವರು ನಾವು ಮೂವರು: ಹತ್ತಿ ಅಡತಿಯಲ್ಲಿ ಹಮಾಲಿ ಮಾಡುವ ಲಕ್ಕಪ್ಪ, ಎದುರಿನ ದರ್ಜಿ ಮರ್ದಾನಸಾಬ, ಮೂರನೇ ಇಯತ್ತೆಗೇ ಮಾಸ್ತರರ ಕೂಡ ಜಗಳಾಡಿ ಶಾಲೆ ಬಿಟ್ಟ ನಾನು. ಶನಿಗ್ರಹದ ಬಳೆಯ ಸುದ್ದಿಯನ್ನೂ ಅವನು ಅತ್ತೆ-ಸೊಸೆ ಜಗಳ ಹೇಳಿದಂತೆ ಹೇಳುತ್ತಿದ್ದ. ಮರ್ದಾನಸಾಬನ ರೇಡಿಯೋದಲ್ಲಿ ಸಾರಂಗಿ ಬಂತೋ, ಕತೆ ಅರ್ಧಕ್ಕೇ ಬಿಟ್ಟು ಅದು ಮುಗಿಯುವತನಕ ಕಿವಿಗೊಟ್ಟು ಕೂಡುತ್ತಿದ್ದ.

ಎಂಬತ್ತರ ಫೆಬ್ರವರಿಯಲ್ಲಿ ಪೂರ್ಣ ಸೂರ್ಯಗ್ರಹಣ ನಮ್ಮ ಸೀಮೆಯ ಮೇಲೆಯೇ ಹಾಯುತ್ತದೆಂದು ತಿಳಿದಾಗ ಅವನಿಗೆ ಊಟ ಸೇರದಾಯಿತು.

"ಹಗಲಿಗೇ ಚುಕ್ಕಿ ಕಾಣ್ತಾವ್ರೋ. ನಮ್ಮ ಜನ್ಮದಾಗ ಇದೊಂದ ಸಲ" ಎನ್ನುತ್ತಿದ್ದ. ನಮಗೆಂದು ಗಾಜಿಗೆ ಚಿಮಣಿಯ ಮಸಿ ಹಿಡಿಸಿ ಕೊಟ್ಟ.

ಆದರೆ ಆ ಗುಡಿಯ ಪದ್ಧತಿ ಬೇರೆ. ಗ್ರಹಣ ಹಿಡಿದಾಗಿನಿಂದ ಬಿಡುವತನಕ ಪೂಜಾರಿ ಒದ್ದೆ ಮಡಿಯಲ್ಲಿ ಒಳಗೆ ಜಪಕ್ಕೆ ಕೂಡಬೇಕು. ಬಾಗಿಲಿಗೆ ಹೊರಗಿನಿಂದ ಕೀಲಿ. ಬೆಳಕು ಬರಲೆಂದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಗೂ ತಗಡು ಮುಚ್ಚಬೇಕು.

"ಅವ್ವಾ, ಪೂರ್ತಿ ಕತ್ತಲಾದಾಗ ಒಂದ್ ಗಳಿಗಿ ಬಾಗಲಾ ತಗಿ" ಎಂದು ಅವನು ನಮ್ಮೆದುರೇ ತಾಯಿ ಅಂಬುಬಾಯಿಯ ಮುಂದೆ ಕೂತು ಬೇಡಿದ.

"ನಿಮ್ಮಪ್ಪ ಜನ್ಮ ಇಡೀ ಒಳಗ ಕೂತ್ರು. ಅವರಿಗೇನು ಕಣ್ಣಿರಲಿಲ್ಲೇನೋ?"

ನನಗೆ ಪಿತ್ತ ನೆತ್ತಿಗೇರಿತು. "ಬಾಯಾರ, ಕೀಲಿ ಇತ್ತ ಕೊಡ್ರಿ. ಪಾಪ ಬಂದ್ರ ನನಗ ಬರ್ಲಿ."

"ನಿನ್ನವ ನಿನಗ ರಗಡ ಆಗ್ಯಾವ ಪುಂಡಲೀಕಾ. ಇವನ್ನ ಎಲ್ಲಿಡ್ತಿ?"

ಮರ್ದಾನಸಾಬ ನಕ್ಕುಬಿಟ್ಟ. ನನಗೆ ಅವನ ಮೇಲೂ ಸಿಟ್ಟು ಬಂತು.

ಶ್ರೀಪಾದ ಲಕ್ಕಪ್ಪನನ್ನು ಬದಿಗೆ ಕರೆದ. "ತಗಡು ಹಾಕಾಂವ ನೀನ ಅಲ್ಲ? ಅದಕ್ಕ ಮೊಳಿಲೆ ಒಂದು ತೂತು ಹೊಡಿ. ಕತ್ತಲಿಯೊಳಗ ಅದರಾಗಿಂದ ಸೂರ್ಯನ ಚಿತ್ರ ಬೀಳ್ತದ. ಸೂರ್ಯ ಕುಡಗೋಲಾಗೂದು ನನಗ ಕೂತಲ್ಲೇ ಕಾಣ್ತದ."

"ಇಷ್ಟ ಹೌದಿಲ್ಲೋ? ಬಿಡು, ಮಾಡ್ತೇನಿ."

ಶನಿವಾರ ಮಧ್ಯಾಹ್ನ ಓಣಿಯೆಲ್ಲ ಬಾಗಿಲು ಹಾಕಿಕೊಂಡಿತು. ಅಂಬುಬಾಯಿ ಮಗನನ್ನು ಒಳಗೆ ಬಿಟ್ಟು ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೂ ಮನೆಯ ಪಡಸಾಲೆಯಲ್ಲಿ ಜಪಕ್ಕೆ ಕೂತರು. ನಾವು ಮೂವರು ಮರ್ದಾನಸಾಬನ ಮಾಳಿಗೆ ಏರಿದೆವು. ಬಿಸಿಲು ಬಣ್ಣಗೆಟ್ಟಿತು. ಕಾಗೆಗಳು ಗಿಡ ಸೇರಿದವು. ತಟ್ಟನೆ ಕತ್ತಲು. ಗಾಜು ಇಳಿಸಿ ನೋಡಿದೆವು. ಲಕ್ಕಪ್ಪ ಕೈ ಮುಗಿದ. ಆಗಲೇ ಗುಡಿಯ ಬಾಗಿಲನ್ನು ಒಳಗಿನಿಂದ ಗುದ್ದುವ ಸಪ್ಪಳ ಕೇಳಿತು. ಬೆಳಕು ಬರುವಷ್ಟರಲ್ಲಿ ಅದೂ ನಿಂತಿತ್ತು.

ಗ್ರಹಣ ಬಿಟ್ಟ ಮೇಲೆ ಕೀಲಿ ತೆಗೆದರು. ಶ್ರೀಪಾದ ಹೊಸ್ತಿಲಿಗೆ ಬಂದು ನಿಂತ. ಲಕ್ಕಪ್ಪ ಹಿಗ್ಗಿನಿಂದ ಮುಂದೆ ಹೋದ.

"ಚೊಲೋ ಕಂಡಿತಿಲ್ಲೋ? ಗೆಳ್ಯಾಗ ಮೊಳಿ ತೂತು ಏನ್ ಸಾಲತೈತಿ ಅಂತ ಕಬ್ಬಿಣದ ಹಾರಿಲೇನ ಹೊಡದೆ. ಮುಷ್ಟಿ ಹಾಯತೈತಿ ನೋಡು."

"ದೊಡ್ಡ ತೂತಿಗೆ ಚಿತ್ರ ಮೂಡೂದಿಲ್ಲಲೇ ಲಕ್ಯಾ. ಒಳಗ ಬರೇ ಬೆಳಕು ಬಿತ್ತು. ಸೂರ್ಯ ಬೀಳಲಿಲ್ಲ."

ಲಕ್ಕಪ್ಪನ ಮುಖ ಸಣ್ಣದಾಯಿತು. ಶ್ರೀಪಾದ ಬೈಯಲಿಲ್ಲ; ಬೈದಿದ್ದರೇ ಚೆನ್ನಾಗಿತ್ತು.

"ಆತು ಬಿಡು. ಹೊರಗ ಹೆಂಗಿತ್ತು, ಹೇಳ್ರಿ."

ಅವನ ಬಾಯಿಂದ ಅಷ್ಟು ಕತೆ ಕೇಳಿದವರು ನಾವು. ನಾನು ಕೆಮ್ಮಿ, "ಕತ್ತಲಾತು. ಕಾಗಿ ಗಿಡಕ್ಕ ಹ್ವಾದುವು. ಮತ್ತ ಬೆಳಕಾತು" ಎಂದೆ.

"ಅಷ್ಟ?"

"ಚುಕ್ಕಿನೂ ಇದ್ದವು" ಎಂದ ಮರ್ದಾನಸಾಬ.

ಅವನು ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತ ನಿಂತ. ಮಡಿಯಲ್ಲಿದ್ದ, ಹೆಗಲ ಮೇಲೆ ಕೈ ಹಾಕುವ ಹಾಗೂ ಇರಲಿಲ್ಲ.

"ಶ್ರೀಪಾದಾ, ಗುಡಿ ತೊಳೀಬೇಕಲ್ಲೋ" ಎಂದು ಅಂಬುಬಾಯಿ ಕರೆದರು. ಕೊಡ ಎತ್ತಿಕೊಂಡು ಒಳಗೆ ಹೋದ.

ಸಂಜೆ ಅವನು ಕಟ್ಟೆಗೆ ಬರಲಿಲ್ಲ. ರೇಡಿಯೋದಲ್ಲಿ ಸಾರಂಗಿ ಬಂತು. ಮರ್ದಾನಸಾಬ ರೇಡಿಯೋದ ಮುಖವನ್ನು ಗುಡಿಯ ಕಡೆ ತಿರುಗಿಸಿ ದನಿ ಏರಿಸಿದ. ಒಳಗೆ ನೀರು ಸುರಿಯುವ ಸಪ್ಪಳ ನಿಂತಿತು. ಸಾರಂಗಿ ಮುಗಿದ ಮೇಲೆ ಮತ್ತೆ ಶುರುವಾಯಿತು.